ಪ್ಲಾಸ್ಟರ್ ಹಾಕಿದ ಕಾಲು: ವುಝೂ ಮತ್ತು ಸ್ನಾನ
(ಜುಮಾ ಪ್ರವಚನದ ಸಾರಾಂಶ)



ಅಲ್ಲಾಹನನ್ನು ಸ್ತುತಿಸಿ, ಪ್ರವಾದಿ ಮುಹಮ್ಮದ್(ಸ)ರ ಮೇಲೆ, ಅವರ ಕುಟುಂಬದವರ ಮೇಲೆ ಮತ್ತು ಸಹಾಬಿಗಳ ಮೇಲೆ ಸಲಾತ್ ಹಾಗೂ ಸಲಾಮ್ ಹೇಳಿ ಮಾತು ಆರಂಭಿಸುತ್ತೇವೆ.

ಇಂದಿನ ವಿಷಯ ಮಿಂಬರಿನ ಮೇಲಿಂದ ಹೇಳುವಷ್ಟು ದೊಡ್ಡದೇ ಎಂದು ಕೆಲವರಿಗೆ ಅನಿಸಬಹುದು. ಕಾಲು ಮುರಿದು ಪ್ಲಾಸ್ಟರ್ ಹಾಕಿಸಿಕೊಂಡವನು ವುಝೂ ಹೇಗೆ ಮಾಡಬೇಕು, ಸ್ನಾನ ಹೇಗೆ ಮಾಡಬೇಕು, ಆ ಪ್ಲಾಸ್ಟರನ್ನು ನೀರಿನಿಂದ ಹೇಗೆ ಕಾಪಾಡಬೇಕು ಎಂಬುದೇ ಇಂದಿನ ವಿಷಯ. ಮಳೆಗಾಲ ಬಂತೆಂದರೆ ಅಂಗಳದಲ್ಲಿ ಪಾಚಿ, ಬಚ್ಚಲಲ್ಲಿ ಜಾರುವ ನೆಲ, ರಸ್ತೆಯಲ್ಲಿ ಕೆಸರು. ಸ್ಕೂಟರ್‌ನಿಂದ ಬಿದ್ದ ಯುವಕರು, ಬಚ್ಚಲಲ್ಲಿ ಜಾರಿದ ತಾಯಂದಿರು, ಮೆಟ್ಟಿಲು ತಪ್ಪಿದ ಅಜ್ಜಂದಿರು ಪ್ರತಿ ಮೊಹಲ್ಲಾದಲ್ಲೂ ಇರುತ್ತಾರೆ. ಮನೆಗೆ ನೋಡಲು ಹೋದಾಗ ಅವರು ನಮ್ಮಲ್ಲಿ ಮೊದಲು ಕೇಳುವುದು ನೋವಿನ ಬಗ್ಗೆ ಅಲ್ಲ, ನಮಾಝಿನ ಬಗ್ಗೆ.

ಈ ವಿಷಯದಲ್ಲಿ ಎರಡು ಬಗೆಯ ಜನರನ್ನು ನಾವು ಕಾಣುತ್ತೇವೆ. ಒಬ್ಬರು, ಪ್ಲಾಸ್ಟರ್ ಒದ್ದೆಯಾದರೂ ಚಿಂತೆಯಿಲ್ಲ, ನೀರು ಕಾಲಿಗೆ ಮುಟ್ಟಲೇಬೇಕು ಎನ್ನುವವರು. ಪ್ಲಾಸ್ಟರಿನ ಅಂಚಿನಿಂದ ಒಳಗೆ ನೀರು ಬಿಡುತ್ತಾರೆ, ಬೆರಳು ತೂರಿಸಿ ತೋಯಿಸಲು ನೋಡುತ್ತಾರೆ. ಇನ್ನೊಬ್ಬರು, ಮೈ ಪಾಕ್ ಇಲ್ಲ, ಪ್ಲಾಸ್ಟರ್ ತೆಗೆದ ಮೇಲೆ ಎಲ್ಲವನ್ನೂ ಒಟ್ಟಿಗೆ ಖಝಾ ಮಾಡಿದರಾಯಿತು ಎಂದು ಆರು ವಾರ ನಮಾಝನ್ನೇ ಬಿಟ್ಟುಬಿಡುವವರು. ಇಬ್ಬರೂ ದೀನಿನ ಮೇಲಿನ ಗೌರವದಿಂದಲೇ ಹಾಗೆ ಮಾಡುತ್ತಾರೆ. ಆದರೆ ಇಬ್ಬರೂ ಶರೀಅತ್ತು ತೆರೆದಿಟ್ಟ ಬಾಗಿಲನ್ನು ನೋಡದೆ ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿದ್ದಾರೆ. ಮೊದಲನೆಯವರು ಅಲ್ಲಾಹನು ಅಮಾನತ್ ಆಗಿ ಕೊಟ್ಟ ದೇಹಕ್ಕೆ ಹಾನಿ ಮಾಡುತ್ತಾರೆ, ಎರಡನೆಯವರು ಪ್ರಜ್ಞೆ ಇರುವವರೆಗೂ ಮಾಫಿಯಿಲ್ಲದ ನಮಾಝನ್ನು ಕಳೆದುಕೊಳ್ಳುತ್ತಾರೆ.

ಜಾಬಿರ್(ರ) ವರದಿ ಮಾಡಿದ, ಅಬೂದಾವೂದ್‌ನಲ್ಲಿರುವ ಒಂದು ಘಟನೆಯನ್ನು ಇಲ್ಲಿ ನೆನಪಿಸಬೇಕು. ಸಹಾಬಿಗಳ ಒಂದು ತಂಡ ಪ್ರಯಾಣದಲ್ಲಿತ್ತು. ಅವರಲ್ಲೊಬ್ಬರ ತಲೆಗೆ ಕಲ್ಲು ಬಡಿದು ಗಾಯವಾಯಿತು. ರಾತ್ರಿ ಅವರಿಗೆ ಕಡ್ಡಾಯ ಸ್ನಾನ ಮಾಡಬೇಕಾದ ಸ್ಥಿತಿ ಬಂತು. ತಯಮ್ಮುಮ್ ಮಾಡಲು ನನಗೆ ರಿಯಾಯಿತಿ ಇದೆಯೇ ಎಂದು ಅವರು ಜೊತೆಗಾರರಲ್ಲಿ ಕೇಳಿದರು. ನೀರು ಸಿಗುತ್ತಿದೆಯಲ್ಲ, ನಿಮಗೆ ರಿಯಾಯಿತಿ ಕಾಣುವುದಿಲ್ಲ ಎಂದರು ಅವರು. ಗಾಯಾಳು ಸ್ನಾನ ಮಾಡಿದರು, ಅದರಿಂದಲೇ ತೀರಿಕೊಂಡರು. ವಿಷಯ ತಿಳಿದಾಗ ಪ್ರವಾದಿವರ್ಯರು(ಸ) ತೀವ್ರವಾಗಿ ಕೋಪಗೊಂಡರು. ಆ ಜೊತೆಗಾರರೇ ಅವನನ್ನು ಕೊಂದರು ಎಂಬರ್ಥದ ಮಾತನ್ನು ಆಡಿದರು. ಗೊತ್ತಿಲ್ಲದಿದ್ದರೆ ಕೇಳಬಾರದಿತ್ತೇ, ಅರಿವಿಲ್ಲದಿರುವಿಕೆಗೆ ಮದ್ದು ಕೇಳಿ ತಿಳಿಯುವುದಲ್ಲವೇ ಎಂದರು. ಗಾಯಕ್ಕೆ ಬಟ್ಟೆ ಕಟ್ಟಿ ಅದರ ಮೇಲೆ ಒದ್ದೆ ಕೈ ಸವರಿ ಉಳಿದ ಮೈಯನ್ನು ತೊಳೆದರೆ ಸಾಕಿತ್ತು ಎಂಬ ಭಾಗವೂ ಅದೇ ವರದಿಯಲ್ಲಿದೆ. ಆ ಕೊನೆಯ ಭಾಗದ ಸರಣಿಯ ಬಗ್ಗೆ ಹದೀಸ್ ವಿದ್ವಾಂಸರಲ್ಲಿ ಚರ್ಚೆಯಿದೆ. ಆದರೆ ಕಟ್ಟಿದ ಗಾಯದ ಮೇಲೆ ಸವರಿ ಸುತ್ತಲಿನ ಭಾಗವನ್ನು ತೊಳೆಯುವುದು ಅಬ್ದುಲ್ಲಾ ಇಬ್ನು ಉಮರ್(ರ)ರಿಂದಲೂ ವರದಿಯಾಗಿದೆ. ನಾಲ್ಕೂ ಮಝ್ಹಬ್‌ಗಳ ಇಮಾಮರು ಈ ಸವರುವಿಕೆಯನ್ನು ಒಪ್ಪಿದ್ದಾರೆ.

ಆ ಜೊತೆಗಾರರು ದುಷ್ಟರಾಗಿರಲಿಲ್ಲ ಎಂಬುದನ್ನು ಗಮನಿಸಿ. ಅವರು ಸಹಾಬಿಗಳು. ಕಠಿಣವಾದ ಉತ್ತರವೇ ಸರಿಯಾದ ಉತ್ತರ ಎಂದು ಅವರು ಭಾವಿಸಿದ್ದರು, ಅಷ್ಟೇ. ನಮ್ಮ ಮನೆಗಳಲ್ಲೂ ರೋಗಿಯ ಹಾಸಿಗೆಯ ಪಕ್ಕ ಕುಳಿತು ಹೀಗೇ ಉತ್ತರ ಕೊಡುವವರಿದ್ದಾರೆ. ನೋಡಲು ಬಂದ ನೆಂಟರು, ಪಕ್ಕದ ಮನೆಯವರು, ಮೊಬೈಲ್‌ನಲ್ಲಿ ಯಾರದ್ದೋ ಭಾಷಣ ಕೇಳಿದವರು "ನೀರು ಮುಟ್ಟದೆ ಗುಸ್ಲ್ ಆಗುತ್ತದಾ?" ಎಂದು ಒಂದು ಮಾತು ಎಸೆದು ಚಹಾ ಕುಡಿದು ಎದ್ದು ಹೋಗುತ್ತಾರೆ. ರಾತ್ರಿಯೆಲ್ಲ ಚಡಪಡಿಸುವುದು ಆ ರೋಗಿ.

ಇದಕ್ಕೆ ಎದುರಾಗಿ ಇನ್ನೊಂದು ಘಟನೆಯಿದೆ. ದಾತುಸ್ಸಲಾಸಿಲ್ ದಂಡಯಾತ್ರೆಯಲ್ಲಿ ಅಮ್ರ್ ಬಿನ್ ಆಸ್(ರ)ರಿಗೆ ಕೊರೆಯುವ ಚಳಿಯ ರಾತ್ರಿ ಸ್ನಾನ ಕಡ್ಡಾಯವಾಯಿತು. ಸ್ನಾನ ಮಾಡಿದರೆ ಸತ್ತೇಹೋದೇನು ಎಂದು ಹೆದರಿ ಅವರು ತಯಮ್ಮುಮ್ ಮಾಡಿ ಜನರಿಗೆ ಫಜ್ರ್ ನಮಾಝಿನ ಇಮಾಮತ್ ಮಾಡಿದರು. ಪ್ರವಾದಿವರ್ಯರು(ಸ) ವಿಚಾರಿಸಿದಾಗ, ನಿಮ್ಮನ್ನು ನೀವೇ ಕೊಂದುಕೊಳ್ಳಬೇಡಿರೆಂಬ ಅರ್ಥದ ಕುರ್‌ಆನ್ ಆದೇಶವನ್ನು ತಮ್ಮ ಕಾರಣವಾಗಿ ಮುಂದಿಟ್ಟರು. ಪ್ರವಾದಿವರ್ಯರು(ಸ) ನಕ್ಕರು, ಏನೂ ಹೇಳಲಿಲ್ಲ. ಕಷ್ಟದ ಸ್ನಾನ ಮಾಡಿಸಿದವರ ಮೇಲೆ ಕೋಪ, ದೇಹವನ್ನು ಕಾಪಾಡಿಕೊಂಡವರ ಮುಂದೆ ನಗು. ವುಝೂವಿನ ಆದೇಶವಿರುವ ಸೂರಃ ಅಲ್ ಮಾಇದದ 6ನೇ ಆಯತ್ತು ಕೂಡ ಕೊನೆಗೊಳ್ಳುವುದು ನಿಮ್ಮನ್ನು ಇಕ್ಕಟ್ಟಿಗೆ ಸಿಲುಕಿಸುವುದು ಅಲ್ಲಾಹನ ಉದ್ದೇಶವಲ್ಲ ಎಂಬ ಆಶಯದಿಂದ.

ಇನ್ನು ಪ್ಲಾಸ್ಟರಿನೊಳಗೆ ಏನಿದೆ ಎಂದು ತಿಳಿಯೋಣ. ಇದನ್ನು ತಿಳಿಯದವರು ಒಂದು ಚೊಂಬು ನೀರಿನಿಂದ ಏನಾಗುತ್ತದೆ ಎನ್ನುತ್ತಾರೆ. ಆಸ್ಪತ್ರೆಯಲ್ಲಿ ಹಾಕುವ ಬಿಳಿ ಪ್ಲಾಸ್ಟರ್ ಜಿಪ್ಸಮ್ಮಿನ ಪುಡಿ ಹಚ್ಚಿದ ಬಟ್ಟೆ. 1850ರ ದಶಕದ ಆರಂಭದಲ್ಲಿ ಮ್ಯಾಥಿಸೆನ್ ಎಂಬ ಡಚ್ ಸೇನಾ ವೈದ್ಯ ಈ ವಿಧಾನವನ್ನು ಬಳಕೆಗೆ ತಂದರು. ಅದಕ್ಕೂ ಎಷ್ಟೋ ಮೊದಲು ಕಾರ್ಡೋಬಾದ ಅಬುಲ್ ಕಾಸಿಂ ಅಝ್ಝಹ್ರಾವಿ ತಮ್ಮ ವೈದ್ಯಗ್ರಂಥದ ಶಸ್ತ್ರಚಿಕಿತ್ಸೆಯ ಭಾಗದಲ್ಲಿ ಮುರಿದ ಮೂಳೆಗಳಿಗೆ ದಬ್ಬೆ ಇಟ್ಟು ಕಟ್ಟುವುದನ್ನು ವಿವರವಾಗಿ ಬರೆದಿದ್ದರು. ಫಿಕ್‌ಹ್ ಗ್ರಂಥಗಳಲ್ಲಿ ಈ ಕಟ್ಟಿಗೆ "ಜಬೀರಾ" ಎಂದು ಹೆಸರು. ಮುರಿದದ್ದನ್ನು ಕೂಡಿಸು ಎಂಬ ಅರ್ಥದ ಮೂಲದಿಂದ ಬಂದ ಪದ ಅದು. ನಾಟಿ ವೈದ್ಯರ ಬಿದಿರಿನ ದಬ್ಬೆಯಾಗಲಿ, ಪ್ಲಾಸ್ಟರ್ ಆಗಲಿ, ಅರ್ಧ ಕಾಲಿಗೆ ಮಾತ್ರ ಇಡುವ ಸ್ಲ್ಯಾಬ್ ಆಗಲಿ, ಗಾಯದ ಬ್ಯಾಂಡೇಜ್ ಆಗಲಿ, ಎಲ್ಲಕ್ಕೂ ಜಬೀರಾದ ವಿಧಿಯೇ.

ಬಿಳಿ ಪ್ಲಾಸ್ಟರ್ ಹಾಕಿದ ಕೂಡಲೇ ಗಟ್ಟಿಯಾದಂತೆ ಕಂಡರೂ ಒಳಗಿನವರೆಗೆ ಒಣಗಲು ಒಂದರಿಂದ ಮೂರು ದಿನ ಹಿಡಿಯುತ್ತದೆ. ಆ ಅವಧಿಯಲ್ಲಿ ಅದನ್ನು ಬೆರಳಿನಿಂದ ಒತ್ತಬಾರದು, ಗಟ್ಟಿ ಅಂಚಿನ ಮೇಲೆ ಇಡಬಾರದು, ಮೆತ್ತನೆಯ ದಿಂಬಿನ ಮೇಲೆ ಎತ್ತರದಲ್ಲಿಡಬೇಕು. ಒಣಗಿದ ಮೇಲೂ ನೀರು ಬಿದ್ದರೆ ಮೆತ್ತಗಾಗುತ್ತದೆ. ಮೆತ್ತಗಾದ ಪ್ಲಾಸ್ಟರ್ ಮೂಳೆಯನ್ನು ಜಾಗದಲ್ಲಿ ಹಿಡಿದಿಡುವುದಿಲ್ಲ. ಮೂಳೆ ಸರಿದರೆ ಮತ್ತೆ ಎಳೆದು ಕೂಡಿಸಬೇಕು, ಇಲ್ಲವೇ ಆಪರೇಷನ್. ಬಣ್ಣ ಬಣ್ಣದ ಫೈಬರ್ ಪ್ಲಾಸ್ಟರ್‌ಗೆ ನೀರು ತಾಗಿದರೆ ತೊಂದರೆಯಿಲ್ಲ ಎಂಬ ಮಾತು ಅರ್ಧ ಸತ್ಯ. ಹೊರಗಿನ ಚಿಪ್ಪಿಗೆ ಏನೂ ಆಗುವುದಿಲ್ಲ. ಒಳಗೆ ಚರ್ಮಕ್ಕೆ ತಾಗಿಕೊಂಡು ಸಾಮಾನ್ಯವಾಗಿ ಹತ್ತಿ ಇರುತ್ತದೆ, ಅದು ನೀರು ಕುಡಿದರೆ ದಿನಗಟ್ಟಲೆ ಒಣಗುವುದಿಲ್ಲ. ಚರ್ಮ ಬೆಂದಂತೆ ಬಿಳಿಚಿಕೊಂಡು, ತುರಿಕೆ ಎದ್ದು, ವಾಸನೆ ಬಂದು, ಹುಣ್ಣಾಗುತ್ತದೆ. ಸಕ್ಕರೆ ಕಾಯಿಲೆಯವರಿಗೆ ಕಾಲಿನ ಸ್ಪರ್ಶವೇ ಕಡಿಮೆ ಇರುವುದರಿಂದ ಆ ಹುಣ್ಣು ಗೊತ್ತಾಗುವುದೂ ಇಲ್ಲ. ಪ್ಲಾಸ್ಟರನ್ನು ಒಣಗಿರಿಸಿ ಎಂದು ವೈದ್ಯರು ಹೇಳುವುದು ಇದಕ್ಕಾಗಿ. ಆ ಮಾತನ್ನು ಪಾಲಿಸುವುದು ಇಬಾದತ್ತಿಗೆ ಅಡ್ಡಿಯಲ್ಲ.

ಈಗ ವುಝೂ. ಮುಖ ತೊಳೆಯುವುದು, ಕೈ ತೊಳೆಯುವುದು, ತಲೆ ಸವರುವುದು ಎಂದಿನಂತೆ. ಸರಿಯಿರುವ ಕಾಲನ್ನು ಎಂದಿನಂತೆ ತೊಳೆಯಬೇಕು. ಪ್ಲಾಸ್ಟರ್ ಇರುವ ಕಾಲಿನಲ್ಲಿ, ವುಝೂವಿನಲ್ಲಿ ತೊಳೆಯಬೇಕಾದ ಭಾಗ ಹೊರಗೆ ಕಾಣುತ್ತಿದ್ದರೆ, ಉದಾಹರಣೆಗೆ ಬೆರಳುಗಳು, ಅದನ್ನು ನೀರಿನಿಂದ ತೋಯಿಸಬೇಕು. ಸುರಿಯುವುದಲ್ಲ. ಕಾಲು ಚಾಚಿ ಬೆರಳುಗಳನ್ನು ತುಸು ಕೆಳಮುಖವಾಗಿಸಿ, ಅಂಗೈಯಲ್ಲಿ ಸ್ವಲ್ಪ ನೀರು ಹಿಡಿದು ಬೆರಳುಗಳ ಮೇಲೆ ಹರಿಯಬಿಟ್ಟರೆ ನೀರು ಮುಂದಕ್ಕೆ ಇಳಿದುಹೋಗುತ್ತದೆ, ಪ್ಲಾಸ್ಟರಿನೊಳಗೆ ಹೋಗುವುದಿಲ್ಲ. ಕೂಡಲೇ ಬಟ್ಟೆಯಿಂದ ಒರೆಸಿ. ನಂತರ ಕೈಯನ್ನು ಒದ್ದೆ ಮಾಡಿ, ನೀರು ತೊಟ್ಟಿಕ್ಕದಂತೆ ಕೊಡವಿ, ಪ್ಲಾಸ್ಟರಿನ ಮೇಲೆ ಒಮ್ಮೆ ಸವರಬೇಕು. ಇದೇ ಮಸಹ್. ಒದ್ದೆ ಕೈಯ ತೇವದಿಂದ ಗಟ್ಟಿಯಾದ ಪ್ಲಾಸ್ಟರ್ ಕರಗುವುದಿಲ್ಲ. ಹಾಕಿದ ಮೊದಲ ದಿನಗಳಲ್ಲಿ ಅದೂ ಬೇಡವೆಂದು ವೈದ್ಯರು ಹೇಳಿದ್ದರೆ, ಸವರುವುದರಿಂದಲೇ ಹಾನಿಯಾಗುವ ಹಾಗಿದ್ದರೆ, ಆ ಸವರುವಿಕೆಯೂ ಬಿಟ್ಟುಹೋಗುತ್ತದೆ ಎಂದು ಹನಫಿ ಫಿಕ್‌ಹ್‌ನಲ್ಲಿದೆ.

ಇಲ್ಲಿ ಮಝ್ಹಬ್‌ನ ವ್ಯತ್ಯಾಸವನ್ನು ಹೇಳಲೇಬೇಕು. ನಮ್ಮ ರಾಜ್ಯದ ಒಳನಾಡಿನಲ್ಲಿ ಹೆಚ್ಚಿನವರು ಹನಫಿಗಳು, ಮಂಗಳೂರು, ಉಡುಪಿ, ಭಟ್ಕಳದ ಕಡೆ ಶಾಫಿಈಗಳೇ ಹೆಚ್ಚು. ಒಂದೇ ಆಸ್ಪತ್ರೆಯ ವಾರ್ಡಿನಲ್ಲಿ ಅಕ್ಕಪಕ್ಕದ ಮಂಚದಲ್ಲಿ ಇಬ್ಬರೂ ಇರುತ್ತಾರೆ, ಒಬ್ಬರನ್ನು ನೋಡಿ ಇನ್ನೊಬ್ಬರಿಗೆ ಗೊಂದಲ. ಹನಫಿಗಳಿಗೆ ಪ್ಲಾಸ್ಟರಿನ ಹೆಚ್ಚಿನ ಭಾಗವನ್ನು ಸವರಿದರೆ ಸಾಕು, ಜೊತೆಗೆ ತಯಮ್ಮುಮ್ ಬೇಕಿಲ್ಲ. ಪ್ಲಾಸ್ಟರ್ ಹಾಕುವಾಗ ವುಝೂ ಇತ್ತೋ ಇಲ್ಲವೋ ಎಂಬ ಪ್ರಶ್ನೆಯೂ ಇಲ್ಲ. ಶಾಫಿಈಗಳಿಗೆ ಆರೋಗ್ಯವಾಗಿರುವ ಭಾಗವನ್ನು ತೊಳೆಯುವುದು, ಪ್ಲಾಸ್ಟರನ್ನು ಪೂರ್ತಿಯಾಗಿ ಸವರುವುದು, ಮುಚ್ಚಿಹೋದ ಭಾಗಕ್ಕೆ ಬದಲಾಗಿ ತಯಮ್ಮುಮ್ ಮಾಡುವುದು, ಈ ಮೂರೂ ಬೇಕು. ವುಝೂವಿನಲ್ಲಿ ಆ ತಯಮ್ಮುಮ್ ಕಾಲಿನ ಸರದಿ ಬಂದಾಗ ಮಾಡಬೇಕು, ಮತ್ತು ಪ್ರತಿ ಫರ್ಳ್ ನಮಾಝಿಗೂ ಹೊಸದಾಗಿ ಮಾಡಬೇಕು. ಪ್ಲಾಸ್ಟರ್ ಹಾಕಿಸಿಕೊಳ್ಳುವಾಗ ಶುದ್ಧಿಯಲ್ಲಿದ್ದರೋ ಇಲ್ಲವೋ ಎಂಬುದರ ಮೇಲೆ ನಮಾಝನ್ನು ನಂತರ ಮರಳಿ ನಿರ್ವಹಿಸುವ ಪ್ರಶ್ನೆಯೂ ಅವರಲ್ಲಿದೆ. ಅಪಘಾತವಾಗಿ ಬಿದ್ದವನು ವುಝೂ ಮಾಡಿ ಆಸ್ಪತ್ರೆಗೆ ಹೋಗುವುದಿಲ್ಲ, ಆದ್ದರಿಂದ ಇದು ಕರಾವಳಿಯ ಸಹೋದರರಿಗೆ ನಿಜವಾಗಿ ಎದುರಾಗುವ ಪ್ರಶ್ನೆ. ತಮ್ಮ ಮಹಲ್ಲಿನ ಖತೀಬರನ್ನು ಆ ದಿನವೇ ಫೋನಿನಲ್ಲಿ ಕೇಳಿ. ಆದರೆ ಉತ್ತರ ಬರುವವರೆಗೆ ಎಂದು ನಮಾಝ್ ನಿಲ್ಲಿಸಬೇಡಿ.

ಚರ್ಮದ ಕಾಲುಚೀಲದ ಮೇಲಿನ ಮಸಹ್‌ಗೂ ಇದಕ್ಕೂ ವ್ಯತ್ಯಾಸವಿದೆ. ಅದಕ್ಕೆ ಊರಿನಲ್ಲಿರುವವನಿಗೆ ಒಂದು ದಿನ, ಪ್ರಯಾಣಿಕನಿಗೆ ಮೂರು ದಿನದ ಅವಧಿ. ಪ್ಲಾಸ್ಟರಿಗೆ ಅಂತಹ ಅವಧಿಯಿಲ್ಲ, ಮೂಳೆ ಕೂಡುವವರೆಗೂ ಸವರಬಹುದು. ಕಾಲುಚೀಲವನ್ನು ಕಡ್ಡಾಯ ಸ್ನಾನದಲ್ಲಿ ಕಳಚಲೇಬೇಕು, ಪ್ಲಾಸ್ಟರನ್ನು ಕಳಚಬೇಕಿಲ್ಲ. ಎರಡನ್ನೂ ಒಂದೇ ಎಂದುಕೊಂಡು ಗಾಬರಿಯಾದವರನ್ನು ನಾವು ಕಂಡಿದ್ದೇವೆ.

ಸ್ನಾನದ ವಿಷಯದಲ್ಲಿ ಮೊದಲು ಎರಡು ಸ್ನಾನಗಳನ್ನು ಬೇರೆ ಮಾಡಿ ನೋಡಬೇಕು. ಬೆವರು, ಧೂಳು, ಸೆಕೆಗಾಗಿ ಮಾಡುವ ದಿನದ ಸ್ನಾನ ಒಂದು. ಅದಕ್ಕೆ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಮೈ ಒರೆಸಿದರೆ ಸಾಕು. ಮೊದಲ ವಾರ, ಹತ್ತು ದಿನ ಇದೇ ಒಳ್ಳೆಯದು. ಜುಮಾದ ದಿನದ ಸ್ನಾನ ಸುನ್ನತ್ತು, ಬಹಳ ಪುಣ್ಯದ್ದು. ಆದರೆ ಅದಕ್ಕಾಗಿ ಪ್ಲಾಸ್ಟರನ್ನು ಅಪಾಯಕ್ಕೆ ಒಡ್ಡುವಂತಿಲ್ಲ. ಮತ್ತೊಂದು ಕಡ್ಡಾಯ ಸ್ನಾನ, ಜನಾಬತ್ತಿನಿಂದ, ಮುಟ್ಟಿನಿಂದ, ಬಾಣಂತನದ ರಕ್ತದಿಂದ ಶುದ್ಧರಾಗಲು ಮಾಡುವುದು. ಇದರಲ್ಲಿ ಬಟ್ಟೆಯಿಂದ ಒರೆಸಿದರೆ ಸಾಲದು. ಹೊರಗೆ ಕಾಣುವ ಚರ್ಮ ಮತ್ತು ಕೂದಲಿನ ಮೇಲೆ ನೀರು ಹರಿಯಬೇಕು.

ಎಷ್ಟು ನೀರು? ನಮಗೆ ಸ್ನಾನವೆಂದರೆ ಎರಡು ಬಕೆಟ್, ತಲೆಯ ಮೇಲಿಂದ ದಬದಬ ಸುರಿಯುವುದು. ಪ್ರವಾದಿವರ್ಯರು(ಸ) ಒಂದು ಮುದ್ದ್ ನೀರಿನಲ್ಲಿ ವುಝೂ, ಒಂದು ಸಾಅ್‌ನಿಂದ ಐದು ಮುದ್ದ್‌ವರೆಗಿನ ನೀರಿನಲ್ಲಿ ಸ್ನಾನ ಮಾಡುತ್ತಿದ್ದರು ಎಂದು ಅನಸ್(ರ) ವರದಿ ಮಾಡಿದ್ದಾರೆ. ಒಂದು ಸಾಅ್ ಎಂದರೆ ನಾಲ್ಕು ಮುದ್ದ್. ಇಂದಿನ ಅಳತೆಯಲ್ಲಿ ಅದು ಸುಮಾರು ಮೂರು ಲೀಟರ್, ಮಝ್ಹಬ್‌ಗಳ ಲೆಕ್ಕದಲ್ಲಿ ತುಸು ಹೆಚ್ಚು ಕಡಿಮೆ. ಅಂದರೆ ಮೂರು ದೊಡ್ಡ ನೀರಿನ ಬಾಟಲಿಯಷ್ಟು! ಆರೋಗ್ಯವಾಗಿರುವಾಗ ನಾವು ಈ ಸುನ್ನತ್ತನ್ನು ಮರೆತಿರುತ್ತೇವೆ. ಕಾಲು ಮುರಿದಾಗ ಅದೇ ನಮ್ಮನ್ನು ಕಾಪಾಡುತ್ತದೆ. ಇಷ್ಟು ನೀರನ್ನು ಸಣ್ಣ ಮಗ್ಗಿನಲ್ಲಿ ಎತ್ತಿ ಒಂದೊಂದು ಅಂಗದ ಮೇಲೆ ಕೈಯಿಂದ ಹರಿಸಿ ಉಜ್ಜುತ್ತಾ ಬಂದರೆ ನೀರು ಪ್ಲಾಸ್ಟರಿನವರೆಗೆ ಹೋಗುವುದೇ ಕಷ್ಟ. ಎಲ್ಲವನ್ನೂ ಒಂದೇ ಹೊತ್ತಿಗೆ ಮುಗಿಸಬೇಕೆಂಬ ಕಡ್ಡಾಯವೂ ಹನಫಿ, ಶಾಫಿಈ ಮಝ್ಹಬ್‌ಗಳಲ್ಲಿ ಇಲ್ಲ. ತಲೆಯನ್ನು ಮೊದಲು ಬೇಸಿನ್ನಿಗೆ ಬಗ್ಗಿ ತೊಳೆದು, ಒರೆಸಿಕೊಂಡು, ಸುಧಾರಿಸಿಕೊಂಡು ಆಮೇಲೆ ಮೈ ತೊಳೆಯಬಹುದು. ಹನಫಿಗಳು ಬಾಯಿ ಮುಕ್ಕಳಿಸುವುದನ್ನೂ ಮೂಗಿಗೆ ನೀರು ಹಾಕುವುದನ್ನೂ ಮರೆಯಬಾರದು, ಅವರಿಗೆ ಅದು ಗುಸ್ಲ್‌ನ ಫರ್ಳ್. ಕೊನೆಗೆ ಪ್ಲಾಸ್ಟರಿನ ಮೇಲೆ ಒದ್ದೆ ಕೈ ಸವರುವುದು. ಶಾಫಿಈಗಳು ತಯಮ್ಮುಮ್ಮನ್ನು ಸ್ನಾನದ ಮೊದಲೂ ಮಾಡಬಹುದು, ನಂತರವೂ ಮಾಡಬಹುದು. ಮೈಗೆ ನೀರೇ ಸೋಕಬಾರದೆಂದು ವೈದ್ಯರು ಹೇಳಿದ್ದರೆ ತಯಮ್ಮುಮ್.

ಪ್ಲಾಸ್ಟರಿಗೆ ಹೊದಿಕೆ ಹಾಕುವ ಕ್ರಮವನ್ನು ಮನೆಯವರೆಲ್ಲ ಕಲಿಯಬೇಕು. ಔಷಧದ ಅಂಗಡಿಗಳಲ್ಲಿ ಇದಕ್ಕೆಂದೇ ರಬ್ಬರಿನ ಬಾಯಿಯಿರುವ ಚೀಲ ಸಿಗುತ್ತದೆ. ಇಲ್ಲದಿದ್ದರೆ ತೂತಿಲ್ಲದ ಎರಡು ದೊಡ್ಡ ಪ್ಲಾಸ್ಟಿಕ್ ಚೀಲ ಸಾಕು. ಮೊದಲು ಪ್ಲಾಸ್ಟರಿನ ಮೇಲಂಚಿಗಿಂತ ನಾಲ್ಕು ಬೆರಳು ಮೇಲೆ, ಚರ್ಮದ ಸುತ್ತ, ಒಣ ಕೈವಸ್ತ್ರವನ್ನು ಮಡಚಿ ಸುತ್ತಿ. ಮೇಲಿಂದ ಒಂದು ಚೀಲ ಹಾಕಿ, ಬಾಯಿಯನ್ನು ಆ ವಸ್ತ್ರದ ಮೇಲೆ ತಂದು ಟೇಪ್ ಸುತ್ತಿ. ಅದರ ಮೇಲೆ ಎರಡನೇ ಚೀಲ, ಅದರ ಬಾಯಿಗೆ ಬೇರೆ ಜಾಗದಲ್ಲಿ, ತುಸು ಮೇಲೆ, ಟೇಪ್. ಒಂದು ಸೋರಿದರೂ ಇನ್ನೊಂದು ತಡೆಯುತ್ತದೆ, ಎರಡೂ ಸೋರಿದರೆ ವಸ್ತ್ರ ಹೀರಿಕೊಳ್ಳುತ್ತದೆ. ರಬ್ಬರ್ ಬ್ಯಾಂಡನ್ನೋ ದಾರವನ್ನೋ ಬಿಗಿಯಾಗಿ ಕಟ್ಟಬೇಡಿ, ಮೊದಲೇ ಊದಿಕೊಂಡ ಕಾಲಿನ ರಕ್ತಸಂಚಾರ ನಿಂತೀತು. ಈ ಹೊದಿಕೆ ಚಿಮ್ಮುವ ನೀರಿಗೆ ತಡೆ, ಅಷ್ಟೇ. ಹೊದಿಕೆ ಇದೆಯೆಂದು ಕಾಲನ್ನು ನೀರಿನಲ್ಲಿ ಮುಳುಗಿಸಬೇಡಿ, ನೀರನ್ನು ನೇರವಾಗಿ ಅದರ ಮೇಲೆ ಸುರಿಯಬೇಡಿ. ಪ್ಲಾಸ್ಟಿಕ್ ಹಾಕಿದ ಕಾಲಿನ ಮೇಲೆ ನಿಲ್ಲಲೇಬೇಡಿ. ಒದ್ದೆ ಟೈಲ್ಸಿನ ಮೇಲೆ ಪ್ಲಾಸ್ಟಿಕ್ ಜಾರಿ ಇನ್ನೊಂದು ಕಾಲೂ ಮುರಿಯುವುದು ಬೇಡ. ಸ್ನಾನ ಮುಗಿದ ಕೂಡಲೇ ಹೊದಿಕೆ ತೆಗೆಯಿರಿ. ಒಳಗೆ ಬೆವರು ಕಟ್ಟಿದರೆ ಅದೂ ಒದ್ದೆಯೇ. ಮಸಹ್ ಮಾಡಬೇಕಾದ್ದು ಹೊದಿಕೆ ತೆಗೆದ ಮೇಲೆ, ಪ್ಲಾಸ್ಟರಿನ ಮೇಲೆಯೇ.

ಕುಳಿತುಕೊಳ್ಳಲು ಬೆನ್ನು ಒರಗುವ, ಅಲುಗದ ಕುರ್ಚಿ ಬೇಕು, ಮಣೆ ಬೇಡ. ಮುರಿದ ಕಾಲನ್ನು ಎದುರಿನ ಸ್ಟೂಲಿನ ಮೇಲೆ ಚಾಚಿ, ಪಾದವು ಮೊಣಕಾಲಿಗಿಂತ ಎತ್ತರದಲ್ಲಿರುವಂತೆ ಇಟ್ಟರೆ ತೊಡೆಗೆ ಬಿದ್ದ ನೀರು ಹಿಂದಕ್ಕೆ, ಸೊಂಟದ ಕಡೆಗೆ ಹರಿಯುತ್ತದೆ. ಕಾಲನ್ನು ಕೆಳಗಿಳಿಬಿಟ್ಟರೆ ಅದೇ ನೀರು ನೇರ ಪ್ಲಾಸ್ಟರಿನ ಬಾಯಿಗೆ. ಸಣ್ಣ ವಿಷಯ, ಆದರೆ ಎಲ್ಲವೂ ಇದರಲ್ಲೇ ಇದೆ. ಸ್ನಾನದ ಎಣ್ಣೆಯನ್ನು ಆ ಆರು ವಾರ ದೂರ ಇಡಿ. ನೆಲ ಒಣಗಿದ ಮೇಲೆಯೇ ಏಳಿ.

ಶೌಚದ ವಿಷಯ ಹೇಳಲು ಜನ ನಾಚುತ್ತಾರೆ. ಹೆಚ್ಚಿನ ಪ್ಲಾಸ್ಟರುಗಳು ಒದ್ದೆಯಾಗುವುದು ಸ್ನಾನದಲ್ಲಲ್ಲ, ಇಲ್ಲಿಯೇ ಎಂಬುದು ನಮ್ಮ ಅನಿಸಿಕೆ. ತೊಡೆಯವರೆಗೆ ಪ್ಲಾಸ್ಟರ್ ಇರುವವರು ಕುಕ್ಕರುಗಾಲಲ್ಲಿ ಕೂರಲಾರರು, ಕುರ್ಚಿಯಂತಹ ಕಮೋಡ್ ಬೇಕೇಬೇಕು. ಹ್ಯಾಂಡ್ ಶವರಿನ ನೀರು ಎಲ್ಲಿ ಚಿಮ್ಮುತ್ತದೆಂದು ಹೇಳಲಾಗದು. ಇಸ್ತಿಂಜಾ ನೀರಿನಿಂದಲೇ ಆಗಬೇಕೆಂದಿಲ್ಲ. ಕಲ್ಲಿನಿಂದ ಶುದ್ಧಿ ಮಾಡಿಕೊಳ್ಳುವುದು ಪ್ರವಾದಿವರ್ಯರ(ಸ) ಕಾಲದಿಂದಲೂ ಅನುಮತಿಯಿರುವ ಕ್ರಮ, ಇಂದು ಆ ಜಾಗದಲ್ಲಿ ಟಿಶ್ಯೂ ಇದೆ. ಕೊಳೆ ಸುತ್ತ ಹರಡಿರದಿದ್ದರೆ ಕನಿಷ್ಠ ಮೂರು ಬಾರಿ, ಶುದ್ಧವಾಗುವವರೆಗೆ, ಒರೆಸಿದರೆ ಸಾಕು. ಪ್ಲಾಸ್ಟರಿನ ಮೇಲಂಚಿಗೆ ಪ್ಲಾಸ್ಟಿಕ್ ಹಾಳೆಯೊಂದನ್ನು ಆ ಹೊತ್ತಿಗೆ ಹೊದಿಸಿಕೊಂಡರೆ ಮೂತ್ರದ ಹನಿಯೂ ತಾಗುವುದಿಲ್ಲ. ಪ್ಲಾಸ್ಟರನ್ನು ತೊಳೆದು ಪಾಕ್ ಮಾಡಲು ಬರುವುದಿಲ್ಲವಾದ್ದರಿಂದ ಈ ಎಚ್ಚರ ಮುಖ್ಯ.

ಸಹಾಯ ಯಾರು ಮಾಡಬೇಕು? ಪತಿ ಪತ್ನಿಯರಲ್ಲಿ ಈ ಸಂಕೋಚವಿಲ್ಲ. ಹೆಂಡತಿಗೆ ಪ್ಲಾಸ್ಟರ್ ಹಾಕಿದಾಗ ಕುರ್ಚಿ ಇಡುವುದು, ನೀರು ಬಿಸಿ ಮಾಡುವುದು, ಬೆನ್ನು ಉಜ್ಜುವುದು, ಚೀಲ ಕಟ್ಟುವುದು ಗಂಡನ ಕೆಲಸ. ಅದನ್ನು ಅತ್ತೆಯ ಮೇಲೋ ಹತ್ತು ವರ್ಷದ ಮಗಳ ಮೇಲೋ ಹೊರಿಸಿ ಹೊರಗೆ ಕೂರುವ ಗಂಡಸರಿಗೆ ನಾವು ಇದನ್ನು ಸ್ಪಷ್ಟವಾಗಿಯೇ ಹೇಳುತ್ತೇವೆ. ಪ್ರವಾದಿವರ್ಯರು(ಸ) ಮನೆಯಲ್ಲಿರುವಾಗ ಮನೆಯವರ ಸೇವೆಯಲ್ಲಿರುತ್ತಿದ್ದರು ಎಂದು ಆಇಶಾ(ರ) ತಿಳಿಸಿದ್ದಾರೆ. ಸಂಗಾತಿ ಇಲ್ಲದ ತಂದೆಗೆ ಮಗ, ತಾಯಿಗೆ ಮಗಳು ನೆರವಾಗಲಿ. ಹೊಕ್ಕುಳಿಂದ ಮೊಣಕಾಲಿನವರೆಗೆ ಲುಂಗಿ ಹೊದಿಸಿಕೊಂಡೇ ಇರಲಿ, ಆ ಭಾಗವನ್ನು ಅವರೇ ಲುಂಗಿಯೊಳಗಿನಿಂದ ತೊಳೆದುಕೊಳ್ಳಲಿ. ಬಾಗಿಲಿನ ಚಿಲಕ ಮಾತ್ರ ಹಾಕದಿರಲಿ, ಹೊರಗೆ ಒಬ್ಬರು ನಿಂತಿರಲಿ. ಹಿರಿಯರು ಕೇಳುವುದಿಲ್ಲ, ಕೇಳಲು ಕಾಯಬೇಡಿ. "ಅಬ್ಬಾ, ನೀರು ಬಿಸಿಯಾಗಿದೆ" ಎಂದು ಹೇಳಿದರೆ ಸಾಕು.

ಎಷ್ಟು ಎಚ್ಚರವಿದ್ದರೂ ಪ್ಲಾಸ್ಟರ್ ಕೆಲವೊಮ್ಮೆ ತೋಯುತ್ತದೆ. ಹೊರಗೆ ನಾಲ್ಕು ಹನಿ ಬಿದ್ದಿದ್ದರೆ ಒಣ ಬಟ್ಟೆಯಿಂದ ಒತ್ತಿ ಒರೆಸಿ ಫ್ಯಾನಿನ ಕೆಳಗೆ ಕುಳಿತುಕೊಳ್ಳಿ. ಕೂದಲು ಒಣಗಿಸುವ ಯಂತ್ರವಿದ್ದರೆ ತಣ್ಣನೆಯ ಗಾಳಿಯಲ್ಲಿ ಮಾತ್ರ ಬಳಸಿ. ಬಿಸಿ ಗಾಳಿಯಾಗಲಿ ಒಲೆಯ ಮುಂದೆ ಕಾಲು ಚಾಚುವುದಾಗಲಿ ಒಳಗಿನ ಚರ್ಮವನ್ನು ಸುಡುತ್ತದೆ. ಒಳಗೆ ನೀರು ಹೋಗಿದ್ದರೆ, ಪ್ಲಾಸ್ಟರ್ ಮೆತ್ತಗಾಗಿದ್ದರೆ, ಬಿರುಕು ಬಿಟ್ಟಿದ್ದರೆ, ಅದನ್ನು ಮನೆಯಲ್ಲಿ ಕತ್ತರಿಸದೆ ಆಸ್ಪತ್ರೆಗೆ ಹೋಗಿ ಬದಲಾಯಿಸಿಕೊಳ್ಳಿ. ಕೆಟ್ಟ ವಾಸನೆ, ಜ್ವರ ಬಂದರೂ ಹಾಗೆಯೇ. ಬೆರಳುಗಳು ನೀಲಿಗಟ್ಟಿದರೆ, ತಣ್ಣಗಾದರೆ, ಜುಮ್ಮೆಂದು ಸ್ಪರ್ಶವೇ ಇಲ್ಲದಂತಾದರೆ, ನೋವು ಮಾತ್ರೆಗೂ ಬಗ್ಗದೆ ಏರುತ್ತಿದ್ದರೆ ಬೆಳಗಾಗಲು ಕಾಯಬೇಡಿ, ಆ ರಾತ್ರಿಯೇ ಹೊರಡಿ. ಅಂತಹ ಹೊತ್ತಿನಲ್ಲಿ ಕೆಲವು ಗಂಟೆಗಳ ತಡವೂ ಕಾಲನ್ನೇ ಕಳೆಯಬಹುದು. ತುರಿಕೆಗೆ ಸ್ಕೇಲು, ಪೊರಕೆ ಕಡ್ಡಿ ತೂರಿಸುವ ಅಭ್ಯಾಸವನ್ನೂ ಬಿಡಿ, ಒಳಗೆ ಗೀರಿದ ಗಾಯ ಕಾಣುವುದಿಲ್ಲ.

ನಮಾಝಿನ ಬಗ್ಗೆ ಹೇಳುವುದಾದರೆ, ಪ್ರವಾದಿವರ್ಯರೇ(ಸ) ಒಮ್ಮೆ ಮದೀನಾದಲ್ಲಿ ಕುದುರೆಯಿಂದ ಖರ್ಜೂರದ ಮರದ ಬೊಡ್ಡೆಯ ಮೇಲೆ ಬಿದ್ದು ಅವರ ಪಾದಕ್ಕೆ ಪೆಟ್ಟಾಗಿತ್ತು. ಜಾಬಿರ್(ರ) ಮತ್ತು ಇತರರು ನೋಡಲು ಹೋದಾಗ ಅವರು ಆಇಶಾ(ರ)ರ ಕೋಣೆಯಲ್ಲಿ ಕುಳಿತು ನಮಾಝ್ ಮಾಡುತ್ತಿದ್ದರು. ಅಲ್ಲಾಹನ ರಸೂಲರು ಕಾಲು ನೋವಾದಾಗ ಕುಳಿತರು. ನಾವು ಮಾತ್ರ ಒಂಟಿ ಕಾಲಲ್ಲಿ ನಿಂತು ವಾಲಾಡಿ ಸಜ್ದಾಗೆ ಬೀಳುವುದು ಏಕೆ? ಮೂಲವ್ಯಾಧಿಯಿದ್ದ ಇಮ್ರಾನ್ ಬಿನ್ ಹುಸೈನ್(ರ)ರಿಗೆ, ನಿಲ್ಲಲಾಗದಿದ್ದರೆ ಕುಳಿತು, ಅದೂ ಆಗದಿದ್ದರೆ ಮಗ್ಗುಲಾಗಿ ಮಲಗಿ ನಮಾಝ್ ಮಾಡುವಂತೆ ಅವರು ಹೇಳಿದ್ದನ್ನು ಬುಖಾರಿಯಲ್ಲಿ ಕಾಣಬಹುದು.

ಮಸೀದಿಗೆ ಬರಲಾಗದ ರೋಗಿಗೆ ಜುಮಾ ಕಡ್ಡಾಯವಲ್ಲ, ಅವರು ಮನೆಯಲ್ಲಿ ಝುಹರ್ ನಿರ್ವಹಿಸಲಿ. ಆರೋಗ್ಯವಾಗಿದ್ದಾಗ ಮಾಡುತ್ತಿದ್ದ ಕರ್ಮಗಳ ಪುಣ್ಯ ಕಾಯಿಲೆಯಲ್ಲೂ ಬರೆಯಲ್ಪಡುತ್ತದೆ ಎಂಬ ಶುಭವಾರ್ತೆ ಅಬೂಮೂಸಾ(ರ)ರ ವರದಿಯಲ್ಲಿದೆ. ಬರಲೇಬೇಕೆಂದು ಬಯಸುವವರು ಮನೆಯಲ್ಲೇ ವುಝೂ ಮಾಡಿ ಬನ್ನಿ. ನಮ್ಮ ಹೌಝಿನ ಮೆಟ್ಟಿಲು ಊರುಗೋಲಿನವರಿಗೆ ಹೇಳಿದ್ದಲ್ಲ. ಮಳೆ ಇದ್ದರೆ ಆಟೋ ಮಸೀದಿಯ ಬಾಗಿಲವರೆಗೆ ಬರಲಿ, ಬೈಕುಗಳನ್ನು ಬದಿಗೆ ಸರಿಸಿ ಜಾಗ ಕೊಡಿ. ಸಫ್ಫಿನ ತುದಿಯಲ್ಲಿ ಕುರ್ಚಿಯ ಪಕ್ಕ ಇನ್ನೊಂದು ಸ್ಟೂಲು ಇರಿಸಲು ಕಮಿಟಿಯವರಲ್ಲಿ ಕೇಳಿಕೊಂಡಿದ್ದೇವೆ. ಕಾಲು ಚಾಚಬೇಕಾದವರಿಗೆ ಕುರ್ಚಿಯೊಂದೇ ಸಾಲದು. ಮೊಹಲ್ಲಾದಲ್ಲಿ ಯಾರ ಮನೆಯಲ್ಲಾದರೂ ಬಳಸದೆ ಇಟ್ಟಿರುವ ವಾಕರ್, ಕಮೋಡ್ ಕುರ್ಚಿ, ಊರುಗೋಲು ಇದ್ದರೆ ಮಸೀದಿಗೆ ತಂದುಕೊಡಿ. ಬೇಕಾದವರು ಕೊಂಡುಹೋಗಿ ಗುಣವಾದ ಮೇಲೆ ಮರಳಿಸಲಿ.

ಪ್ಲಾಸ್ಟರ್ ಕತ್ತರಿಸಿದ ದಿನ ಸವರುವಿಕೆಯ ಅನುಮತಿ ಮುಗಿಯುತ್ತದೆ. ವುಝೂ ಇದ್ದರೆ ಹನಫಿಗಳು ಆ ಕಾಲನ್ನು ತೊಳೆದುಕೊಂಡರೆ ಸಾಕು. ಕಡ್ಡಾಯ ಸ್ನಾನದಲ್ಲಿ ಸವರಿದ್ದವರೂ ಆ ಭಾಗವನ್ನು ತೊಳೆಯಬೇಕು, ಪೂರ್ತಿ ಸ್ನಾನವನ್ನು ಮತ್ತೆ ಮಾಡಬೇಕಿಲ್ಲ. ಆ ಚರ್ಮ ಒಣಗಿ ಹೊಟ್ಟು ಏಳುತ್ತಿರುತ್ತದೆ. ಉಜ್ಜಿ ಕೀಳಬೇಡಿ, ಉಗುರುಬೆಚ್ಚನೆಯ ನೀರು ಹಾಕಿ ಮೆಲ್ಲಗೆ ಒರೆಸಿ ತುಸು ಕೊಬ್ಬರಿ ಎಣ್ಣೆ ಹಚ್ಚಿ, ಕೆಲವು ದಿನಗಳಲ್ಲಿ ತಾನಾಗಿಯೇ ಸರಿಹೋಗುತ್ತದೆ.

ಹಾಸಿಗೆಯಲ್ಲಿ ಮಲಗಿರುವ ನಮ್ಮ ಸಹೋದರ ಸಹೋದರಿಯರ ಮೂಳೆಗಳನ್ನು ಅಲ್ಲಾಹನು ಸರಿಯಾಗಿ ಕೂಡಿಸಲಿ, ಅವರ ಸೇವೆ ಮಾಡುವವರಿಗೆ ತಾಳ್ಮೆ ಕೊಡಲಿ. ಆಮೀನ್.